ಹುಳಕ್ಕೂ ನರ ಇರ್ತಾವೇನ್ರಿ ಸರ್?

ಕಳೆದ ವಾರ ನನ್ನ ತಂಗಿಯ ಮೊಮ್ಮಗಳು ದೂರವಾಣಿ ಮಾಡಿದ್ದಳು. ಈ ವರ್ಷ ಹತ್ತನೆಯ ತರಗತಿ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ, “ಅಜ್ಜಾ, ನರಕೋಶದ ಚಿತ್ರ ಗ್ಯಾರಂಟಿ ಬರ್ತದಂತ ನಮ್ಮ ಮಿಸ್ ಹೇಳ್ಯಾರ. ಯಾವ್ಯಾವ ಭಾಗಕ್ಕ ಹೆಸರು ಬರದ್ರ ಪೂರ್ತಿ ಅಂಕ ಕೊಡ್ತಾರ?” ಎಂದು ಕೇಳಿದಳು. ದೇಹದ ಮೂರು ದಶಕಗಳ ಅಭ್ಯಾಸವಲ್ಲವೇ, ನಾಲಿಗೆ ತಾನಾಗಿಯೇ ನುಡಿಯಿತು: ಕೋಶಕಾಯ, ಕೋಶಕೇಂದ್ರ, ಡೆಂಡ್ರೈಟ್, ಆಕ್ಸಾನ್, ನರತುದಿ. ಚಿತ್ರ ದೊಡ್ಡದಾಗಿರಲಿ, ಪೆನ್ಸಿಲ್ ಚೂಪಾಗಿರಲಿ, ಗೆರೆಗಳು ಒಂದನ್ನೊಂದು ದಾಟದಿರಲಿ ಎಂದೂ ಸೇರಿಸಿದೆ. ಆಕೆ ಸಂತೋಷದಿಂದ ಫೋನಿಟ್ಟಳು. ನಾನು ಮಾತ್ರ ಬಹಳ ಹೊತ್ತು ಅಲ್ಲಿಯೇ ಕುಳಿತಿದ್ದೆ. ಅದೇ ಪಾಠದ ಒಂದು ಹಳೆಯ ಬಾಕಿ ನೆನಪಾಯಿತು. ಅದನ್ನು ಇಂದು ಬರೆದು ತೀರಿಸುವ ಮನಸ್ಸಾಗಿದೆ.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಆ ಪಾಠ ನೆನಪಿರಬಹುದು. ಸಸ್ಯಗಳೂ ಪ್ರಾಣಿಗಳೂ ತಮ್ಮ ಪ್ರತಿಕ್ರಿಯೆಗಳನ್ನು ಹೇಗೆ ನಿಯಂತ್ರಿಸುತ್ತವೆ, ದೇಹದ ಒಂದು ಭಾಗದ ಕೆಲಸವನ್ನು ಇನ್ನೊಂದರೊಡನೆ ಹೇಗೆ ಹೊಂದಿಸುತ್ತವೆ ಎಂಬುದು ಅದರ ವಿಷಯ. ಬಣ್ಣದ ಸೀಮೆಸುಣ್ಣದಿಂದ ಕರಿಹಲಗೆಯ ತುಂಬ ಮಿದುಳು, ಮಿದುಳುಬಳ್ಳಿ, ಪರಾವರ್ತಿತ ಪ್ರತಿಕ್ರಿಯೆಯ ಚಾಪವನ್ನು ಬರೆಯುತ್ತಿದ್ದೆ. ಆ ಚಿತ್ರದ ಬಗ್ಗೆ ನನಗೆ ಸ್ವಲ್ಪ ಅಭಿಮಾನವೂ ಇತ್ತೆಂದು ಈಗ ಒಪ್ಪಿಕೊಳ್ಳಬಹುದು. ತನಿಖೆಗೆ ಬಂದ ಸಾಹೇಬರೊಬ್ಬರು ಹೊಗಳಿದ ಮೇಲೆ ಅದನ್ನು ಎರಡು ದಿನ ಅಳಿಸಲೇ ಬಿಟ್ಟಿರಲಿಲ್ಲ.

ನರ ಮತ್ತು ಹಾರ್ಮೋನುಗಳ ವ್ಯತ್ಯಾಸಕ್ಕೆ ನಾನು ಕೊಡುತ್ತಿದ್ದ ದೃಷ್ಟಾಂತ ಓಲೆಕಾರ ಮತ್ತು ಡಂಗುರ. ನರದ ಸಂದೇಶವೆಂದರೆ ಓಲೆಕಾರನು ಹಿಡಿದುಕೊಂಡು ಓಡುವ ಓಲೆ. ಯಾರಿಗೆ ಸೇರಬೇಕೋ ಅವರ ಕೈಗೇ ಸೇರುತ್ತದೆ, ಕ್ಷಣಾರ್ಧದಲ್ಲಿ ಸೇರುತ್ತದೆ. ಹಾರ್ಮೋನಾದರೋ ಡಂಗುರವಿದ್ದಂತೆ. ನಿರ್ನಾಳ ಗ್ರಂಥಿ ಅದನ್ನು ರಕ್ತಕ್ಕೆ ಬಿಡುತ್ತದೆ. ಅದು ಊರಿಗೆಲ್ಲ ಕೇಳುತ್ತದೆ, ಆದರೆ ಕಂದಾಯ ಬಾಕಿ ಉಳಿಸಿಕೊಂಡವನು ಮಾತ್ರ ಎದ್ದು ಕೂರುತ್ತಾನೆ! ಹುಡುಗರು ಇದಕ್ಕೆ ನಗುತ್ತಿದ್ದರು. ಸಸ್ಯಗಳಿಗೆ ಓಲೆಕಾರನಿಲ್ಲ, ಡಂಗುರ ಮಾತ್ರ ಉಂಟು ಎಂದು ಮುಗಿಸುತ್ತಿದ್ದೆ. ಈ ಕೊನೆಯ ಮಾತು ಪೂರ್ತಿ ಸರಿಯಲ್ಲವೆಂದು ನಿವೃತ್ತಿಯ ಅಂಚಿನಲ್ಲಿ ತಿಳಿಯಿತು. ಅದನ್ನು ಮುಂದೆ ಹೇಳುತ್ತೇನೆ.

1994ರ ಮಳೆಗಾಲ. ಹುಬ್ಬೆ ಮಳೆ ಮುಗಿದು ಉತ್ತರೆ ಹಿಡಿದಿತ್ತೆಂದು ನೆನಪು. ಇಟ್ಟಿಗಿಯ ಸುತ್ತಮುತ್ತ ಹತ್ತಿ ಕಾಯಿ ಕಟ್ಟುವ ಕಾಲ. (ದೂರದಲ್ಲಿರುವ ಬಂಧುಗಳಿಗೆ ಮತ್ತೊಮ್ಮೆ ಹೇಳುತ್ತೇನೆ: ನಮ್ಮದು ಹೂವಿನ ಹಡಗಲಿ ತಾಲ್ಲೂಕಿನ ಇಟ್ಟಿಗಿ. ಮಹಾದೇವ ದೇವಾಲಯದಿಂದ ಪ್ರಸಿದ್ಧವಾದ ಇಟಗಿ ಕೊಪ್ಪಳ ಜಿಲ್ಲೆಯದು. ಅಲ್ಲಿಯ ಶಿಲ್ಪವೈಭವಕ್ಕಾಗಿ ನನ್ನನ್ನು ಅಭಿನಂದಿಸುವುದು ಬೇಡ.) ಪಾಠದ ನಡುವೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. ಸಾಮಾನ್ಯವಾಗಿ ಬಾಯಿ ಬಿಡದ ಹುಡುಗ.

“ಸರ್, ಹುಳಕ್ಕೂ ನರ ಇರ್ತಾವೇನ್ರಿ?”

“ಇರ್ತಾವ. ಯಾಕ?”

“ಹತ್ತಿಗೆ ಎಣ್ಣಿ ಹೊಡದ್ರ ಹುಳ ಒದ್ದಾಡಿ ಒದ್ದಾಡಿ ಸಾಯ್ತಾವ್ರಿ. ಅದು ನರಕ್ಕ ಆಗೋದೇನ್ರಿ? ಹಂಗಾದ್ರ ಎಣ್ಣಿ ಹೊಡಿಯೋರಿಗೆ ಯಾಕ ಏನೂ ಆಗಂಗಿಲ್ಲ?”

ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಎಂದೇ ಹೆಸರು. ಪ್ರಶ್ನೆ ಕೇಳಿ ನನಗೆ ಉತ್ತರ ತಿಳಿಯಲಿಲ್ಲವೆಂಬುದು ಒಂದು ಸತ್ಯ. ತಿಳಿಯದೆಂದು ಹೇಳುವ ಧೈರ್ಯ ಇರಲಿಲ್ಲವೆಂಬುದು ಇನ್ನೊಂದು. ಬಿ.ಎಡ್. ತರಬೇತಿಯಲ್ಲಿ ಮಕ್ಕಳ ಜಿಜ್ಞಾಸೆಯನ್ನು ಪ್ರೋತ್ಸಾಹಿಸಬೇಕೆಂದು ಪುಟಗಟ್ಟಲೆ ಬರೆದು ಅಂಕ ಪಡೆದಿದ್ದ ನಾನು, “ಅದು ಪಾಠದಾಗಿಲ್ಲ, ಕೂಡು” ಎಂದೆ. ಹುಡುಗ ಕುಳಿತ. ಗಂಟೆ ಹೊಡೆಯಿತು.

ಹತ್ತು ಹನ್ನೆರಡು ದಿನಗಳ ಬಳಿಕ ಆ ಹುಡುಗನ ತಂದೆ ಹತ್ತಿಯ ಹೊಲದಲ್ಲಿ ಬಿದ್ದರು. ಬೆಳಗಿನಿಂದ ಬೆನ್ನಿಗೆ ಪಂಪು ಹಾಕಿಕೊಂಡು ಗಾಳಿಗೆದುರಾಗಿ ಸಿಂಪಡಿಸುತ್ತಿದ್ದರಂತೆ. ಪಂಪು ಸೋರಿ ಬೆನ್ನು ತೊಯ್ದಿತ್ತು. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ತೊಡೆಯ ಸ್ನಾಯುಗಳು ಹುಳ ಹರಿದಂತೆ ಮಿಡಿಯುತ್ತಿದ್ದವು. ಸುತ್ತಲಿನವರು ಬಿಸಿಲು ಬಡಿದಿದೆ ಎಂದುಕೊಂಡು ನೆರಳಿಗೆ ಮಲಗಿಸಿ ಮಜ್ಜಿಗೆ ಕುಡಿಸಲು ನೋಡಿದರು. ಒದ್ದೆಯಾದ ಅಂಗಿಯನ್ನು ಯಾರೂ ಬಿಚ್ಚಲಿಲ್ಲ. ಟ್ರ್ಯಾಕ್ಟರ್ ಸಿಕ್ಕು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎರಡು ತಾಸು ಕಳೆದಿತ್ತು.

ಮರುದಿನ ನೋಡಲು ಹೋದೆ. ಅವರು ಬಾಯಿ ಒಣಗಿ, ಮುಖ ಕೆಂಪಾಗಿ, ಏನೇನೋ ಬಡಬಡಿಸುತ್ತಿದ್ದರು. ಅದು ಔಷಧದ ಪ್ರಭಾವ, ಗಾಬರಿ ಬೇಡ ಎಂದರು ವೈದ್ಯರು. “ಬಂದಾಗ ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗಿತ್ತು, ಮಾಸ್ತರೇ. ನೀವು ನರದ ಪಾಠ ಮಾಡುತ್ತೀರಲ್ಲ, ಇದೇ ಆ ಪಾಠ.” ಹಾಸಿಗೆಯ ಪಕ್ಕದಲ್ಲಿ ಹುಡುಗ ಕುಳಿತಿದ್ದ. ನನ್ನನ್ನು ನೋಡಿ ಎದ್ದು ನಿಂತ, ತರಗತಿಯಲ್ಲಿ ನಿಂತಂತೆಯೇ. ಅವರ ತಂದೆ ಬದುಕಿ ಮನೆಗೆ ಬಂದರು. ಆದರೆ ಬಹಳ ದಿನ ದುಡಿಯಲಾಗಲಿಲ್ಲ, ಹುಡುಗ ಆ ವರ್ಷ ಪರೀಕ್ಷೆಗೆ ಕೂಡಲಿಲ್ಲ.

ಅಂದಿನಿಂದ ನಾನು ಓದತೊಡಗಿದೆ. ಪಠ್ಯಪುಸ್ತಕದಲ್ಲಿ ಒಂದು ವಾಕ್ಯದಲ್ಲಿ ಮುಗಿಯುವ ಸಂಗತಿ, ಅಂದರೆ ಒಂದು ನರದ ತುದಿಗೂ ಮುಂದಿನ ನರಕ್ಕೂ ಅಥವಾ ಸ್ನಾಯುವಿಗೂ ನಡುವೆ ಇರುವ ಆ ಸೂಕ್ಷ್ಮವಾದ ತೆರಪು, ಇಷ್ಟು ದೊಡ್ಡ ಕಥೆಯನ್ನು ಒಳಗೊಂಡಿದೆಯೆಂದು ಆಗ ತಿಳಿಯಿತು. ನರದೊಳಗೆ ವಿದ್ಯುತ್ತಾಗಿ ಓಡಿಬಂದ ಸಂದೇಶ ಈ ತೆರಪಿನಲ್ಲಿ ರಾಸಾಯನಿಕವಾಗಿ ದಾಟುತ್ತದೆ. ಅದನ್ನು ತೋರಿಸಿಕೊಟ್ಟವರು ಆಟೊ ಲೋವಿ, 1921ರಲ್ಲಿ, ಎರಡು ಕಪ್ಪೆಗಳ ಹೃದಯಗಳಿಂದ. ಒಂದು ಹೃದಯದ ನರವನ್ನು ಕೆರಳಿಸಿ ಅದರ ಬಡಿತವನ್ನು ನಿಧಾನಗೊಳಿಸಿದರು. ಅದನ್ನು ತೊಯ್ಸಿದ್ದ ದ್ರವವನ್ನು ಎರಡನೆಯ ಹೃದಯಕ್ಕೆ ಹಾಕಿದರು. ಯಾರೂ ಮುಟ್ಟದ ಆ ಹೃದಯವೂ ನಿಧಾನವಾಯಿತು! ಪ್ರಯೋಗದ ಉಪಾಯ ಅವರಿಗೆ ಕನಸಿನಲ್ಲಿ ಹೊಳೆದಿತ್ತೆಂಬುದನ್ನು ಅವರೇ ಹೇಳಿಕೊಂಡಿದ್ದಾರೆ. ಆ ರಾಸಾಯನಿಕವೇ ಅಸಿಟೈಲ್‌ಕೋಲಿನ್. ನಮ್ಮ ಸ್ನಾಯುಗಳಿಗೆ ನರ ಕೊಡುವ ಅಪ್ಪಣೆಯೂ ಇದರ ಮೂಲಕವೇ.

ಅಪ್ಪಣೆ ಕೊಟ್ಟರಷ್ಟೇ ಸಾಲದು, ಅದನ್ನು ಅಳಿಸಲೂ ಬೇಕು. ಕರಿಹಲಗೆಯ ಮೇಲೆ ಬರೆದುದನ್ನು ಒರೆಸದೆ ಮತ್ತೆ ಮತ್ತೆ ಬರೆದರೆ ಏನಾಗುತ್ತದೆ? ಅಕ್ಷರದ ಮೇಲೆ ಅಕ್ಷರ ಬಿದ್ದು ಎಲ್ಲವೂ ಬಿಳಿಯಾಗುತ್ತದೆ. ದೇಹದಲ್ಲಿ ಈ ಒರೆಸುವ ಕೆಲಸ ಮಾಡುವ ಡಸ್ಟರ್ ಕೋಲಿನೆಸ್ಟರೇಸ್ ಎಂಬ ಕಿಣ್ವ. ಸಂದೇಶ ಮುಟ್ಟಿದೊಡನೆ ಅಸಿಟೈಲ್‌ಕೋಲಿನ್ನನ್ನು ತುಂಡರಿಸಿ ಹಲಗೆಯನ್ನು ಸ್ವಚ್ಛ ಮಾಡುತ್ತದೆ. ಹತ್ತಿಗೆ ಹೊಡೆಯುತ್ತಿದ್ದ ಮೊನೊಕ್ರೊಟೋಫಾಸ್‌ನಂತಹ ರಂಜಕಜನ್ಯ ಕೀಟನಾಶಕಗಳು ಈ ಡಸ್ಟರನ್ನೇ ಕಿತ್ತುಕೊಳ್ಳುತ್ತವೆ. ಆಗ ಬೆವರು ನಿಲ್ಲದು, ಜೊಲ್ಲು ನಿಲ್ಲದು, ಪಾಪೆ ಸಂಕುಚಿತವಾಗಿಯೇ ಉಳಿಯುತ್ತದೆ, ಸ್ನಾಯು ಮಿಡಿದು ಮಿಡಿದು ಕೊನೆಗೆ ಸೋಲುತ್ತದೆ. ಉಸಿರಾಟವೂ ಸ್ನಾಯುಗಳ ಕೆಲಸವೇ ಅಲ್ಲವೇ. ಹುಳದಲ್ಲಿಯೂ ಅದೇ ಅಸಿಟೈಲ್‌ಕೋಲಿನ್, ಅದೇ ಬಗೆಯ ಕಿಣ್ವ. ಹುಡುಗನ ಮೊದಲ ಪ್ರಶ್ನೆಗೆ ಉತ್ತರ, ಹೌದು, ಅದು ನರಕ್ಕೇ ಆಗುವುದು. ಎರಡನೆಯದಕ್ಕೆ ಉತ್ತರ, ಎಣ್ಣಿ ಹೊಡೆಯುವವರಿಗೂ ಆಗುತ್ತದೆ. ಹುಳದ ಗಾತ್ರ ಚಿಕ್ಕದು, ನಮ್ಮದು ದೊಡ್ಡದು, ಅಷ್ಟರಿಂದ ತಡವಾಗುತ್ತದೆ.

ಇತಿಹಾಸದ ಒಂದು ಕಾಕತಾಳೀಯ ನನ್ನನ್ನು ಬಹಳ ಕಾಡಿದೆ. ಈ ನರಸಂದೇಶದ ಶೋಧಕ್ಕಾಗಿ ಲೋವಿ ಮತ್ತು ಹೆನ್ರಿ ಡೇಲ್ ಅವರಿಗೆ ನೊಬೆಲ್ ಪಾರಿತೋಷಕ ಬಂದದ್ದು 1936ರಲ್ಲಿ. ಅದೇ 1936ರ ಡಿಸೆಂಬರಿನಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಹೊಸ ಕೀಟನಾಶಕವನ್ನು ಹುಡುಕುತ್ತಾ ಟಾಬುನ್ ಎಂಬ ವಸ್ತುವನ್ನು ತಯಾರಿಸಿದರು. ಅದು ಎಷ್ಟು ಘೋರವಾಗಿತ್ತೆಂದರೆ ಹೊಲಕ್ಕೆ ಬಾರದೆ ಸೈನ್ಯದ ಕೈಸೇರಿ ನರವಿಷವೆನಿಸಿತು. ಅದೇ ಕುಲದ ಸೌಮ್ಯ ಸಂತಾನಗಳೇ ನಮ್ಮ ಹೊಲಗಳಿಗೆ ಬಂದ ಬಾಟಲಿಗಳು. ಸೌಮ್ಯ ಎಂಬುದು ಇಲ್ಲಿ ತುಲನಾತ್ಮಕ ಪದ.

ನರ ಮತ್ತು ಸ್ನಾಯುವಿನ ಆ ಸಂಧಿಸ್ಥಾನಕ್ಕೆ ನಮ್ಮ ಹೊಲಗಳಲ್ಲಿ ಇನ್ನೊಬ್ಬ ಶತ್ರುವಿದ್ದಾನೆ. ನಾಗರಹಾವು ಮತ್ತು ಕಟ್ಟುಹಾವುಗಳ ವಿಷ ಕೆಲಸ ಮಾಡುವುದೂ ಅಲ್ಲಿಯೇ, ಆದರೆ ತದ್ವಿರುದ್ಧವಾಗಿ. ನಾಗರದ ವಿಷ ಸಂದೇಶವನ್ನು ಸ್ವೀಕರಿಸುವ ಬಾಗಿಲನ್ನೇ ಮುಚ್ಚುತ್ತದೆ. ರೆಪ್ಪೆ ಇಳಿಯುತ್ತದೆ, ಮಾತು ತೊದಲುತ್ತದೆ, ಉಸಿರು ಸೋಲುತ್ತದೆ. ವಿಚಿತ್ರವೆಂದರೆ ನಾಗರ ಕಚ್ಚಿದವರಿಗೆ ಪ್ರತಿವಿಷದ ಜೊತೆಗೆ ವೈದ್ಯರು ಕೊಡುವ ನಿಯೋಸ್ಟಿಗ್ಮಿನ್ ಎಂಬ ಔಷಧಿಯೂ ಆ ಡಸ್ಟರನ್ನು ತಡೆಯುವಂಥದ್ದೇ. ಡಸ್ಟರ್ ನಿಂತರೆ ಅಸಿಟೈಲ್‌ಕೋಲಿನ್ ಹೆಚ್ಚು ಹೊತ್ತು ಉಳಿದು, ಮುಚ್ಚಿದ ಬಾಗಿಲನ್ನು ಮತ್ತೆ ಮತ್ತೆ ತಟ್ಟುತ್ತದೆ. ಹೊಲದಲ್ಲಿ ಕೊಲ್ಲುವ ತತ್ತ್ವವೇ ಅಳತೆ ಬಲ್ಲವರ ಕೈಯಲ್ಲಿ ಉಳಿಸುತ್ತದೆ. ಕೀಟನಾಶಕ ತಗುಲಿದಾಗ ಕೊಡುವ ಅಟ್ರೋಪಿನ್ ಕೂಡ ಹಾಗೆಯೇ. ನಮ್ಮ ಹಿತ್ತಲಿನ ಉಮ್ಮತ್ತಿಯಲ್ಲಿರುವುದೂ ಅದೇ ವರ್ಗದ ವಿಷ. (ಉಮ್ಮತ್ತಿ ಅರೆದು ಕುಡಿಸಲು ಹೋಗಬೇಡಿರಪ್ಪ. ಅದರಿಂದಲೇ ಸತ್ತವರಿದ್ದಾರೆ.)

ಸಸ್ಯಗಳ ಭಾಗವನ್ನು ನಾನು ಇನ್ನೂ ಅವಸರದಲ್ಲಿ ಮುಗಿಸುತ್ತಿದ್ದೆ. ಆಕ್ಸಿನ್, ಜಿಬ್ಬರೆಲಿನ್, ಸೈಟೊಕೈನಿನ್, ಅಬ್ಸಿಸಿಕ್ ಆಮ್ಲ, ಎಥಿಲೀನ್. ಹೆಸರು ಬರೆಸಿ, ಎದುರಿಗೆ ಕಾರ್ಯ ಬರೆಸಿ, ಬಾಯಿಪಾಠ ಮಾಡಿಸಿದರೆ ಆಯಿತು. ಕಿಟಕಿಯ ಹೊರಗೇ ಸೂರ್ಯಪಾನದ ಹೊಲವಿತ್ತು. ಎಳೆಯ ಸೂರ್ಯಪಾನ ಹಗಲೆಲ್ಲ ಸೂರ್ಯನನ್ನು ಹಿಂಬಾಲಿಸಿ ರಾತ್ರಿ ಮತ್ತೆ ಪೂರ್ವಕ್ಕೆ ತಿರುಗಿ ಕಾಯುತ್ತದೆ, ಬಲಿತ ಹೂವು ಮಾತ್ರ ಪೂರ್ವಕ್ಕೇ ಮುಖ ಮಾಡಿ ನಿಲ್ಲುತ್ತದೆ. ಇದನ್ನು ನಮ್ಮ ಯಾವ ಒಕ್ಕಲಿಗನೂ ಬಲ್ಲ. ಹೇಗೆಂಬುದನ್ನು 2016ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಬಿಡಿಸಿ ತೋರಿಸಿದರು. ಹಗಲಿನಲ್ಲಿ ಕಾಂಡದ ಪೂರ್ವದ ಬದಿ ಹೆಚ್ಚು ಬೆಳೆಯುತ್ತದೆ, ರಾತ್ರಿ ಪಶ್ಚಿಮದ ಬದಿ ಬೆಳೆಯುತ್ತದೆ. ಅದರ ಹಿಂದೆ ಒಂದು ಆಂತರಿಕ ಗಡಿಯಾರವಿದೆ. ಪೂರ್ವಾಭಿಮುಖಿ ಹೂವು ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗಿ ಜೇನುನೊಣಗಳನ್ನು ಹೆಚ್ಚಾಗಿ ಕರೆಯುತ್ತದೆ. ಇಷ್ಟು ಚೆಂದದ ಪಾಠವನ್ನು ಕಿಟಕಿಯ ಹೊರಗೆ ಬಿಟ್ಟು, ನಾನು ಕರಿಹಲಗೆಯ ಮೇಲೆ ಡಬ್ಬಿಯೊಳಗಿನ ಸಸಿಯ ಚಿತ್ರ ಬರೆಯುತ್ತಿದ್ದೆ!

ಆಕ್ಸಿನ್ನಿನ ಪಾಠವೂ ಅಂಗಡಿಯಲ್ಲಿ ಬಾಟಲಿಯಾಗಿ ಸಿಗುತ್ತದೆಂದು ನನಗೆ ಕಲಿಸಿದ್ದು ನಮ್ಮದೇ ಹೊಲ. ಪಕ್ಕದವರು ಮೆಕ್ಕೆಜೋಳಕ್ಕೆ ಕಳೆನಾಶಕ ಹೊಡೆಸಿದ್ದರು. ಅದು 2,4-ಡಿ. ಗಾಳಿ ನಮ್ಮ ಕಡೆ ಬೀಸುತ್ತಿತ್ತು. ವಾರದೊಳಗೆ ನಮ್ಮ ಹತ್ತಿಯ ಹೊಸ ಎಲೆಗಳು ಬೆಂಡೆಯ ಎಲೆಯಂತೆ ಸೀಳಿ ಬೆರಳುಬೆರಳಾದವು. ಬದುವಿನ ಮಲ್ಲಿಗೆಯ ಚಿಗುರು ಸುರುಳಿ ಸುತ್ತಿತು. ರೋಗವೆಂದು ಭಾವಿಸಿ ನನ್ನ ತಮ್ಮ ಅದಕ್ಕೆ ಮತ್ತೊಂದು ಎಣ್ಣಿ ತಂದು ಹೊಡೆದ. ರೋಗವಲ್ಲ, ಸುಳ್ಳು ಡಂಗುರ. 2,4-ಡಿ ಎಂದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ರೂಪುಗೊಂಡ ಕೃತಕ ಆಕ್ಸಿನ್. ‘ಬೆಳೆ, ಬೆಳೆ’ ಎಂದು ನಿಲ್ಲಿಸದೆ ಸಾರುತ್ತಾ ಅಗಲ ಎಲೆಯ ಸಸ್ಯವನ್ನು ಅಡ್ಡಾದಿಡ್ಡಿ ಬೆಳೆಸಿಯೇ ಕೊಲ್ಲುತ್ತದೆ. ಹುಲ್ಲಿನ ಜಾತಿಯ ಮೆಕ್ಕೆಜೋಳ ಮತ್ತು ಜೋಳ ಅದನ್ನು ತಾಳಿಕೊಳ್ಳುತ್ತವೆ. ಹತ್ತಿ ಮತ್ತು ಮಲ್ಲಿಗೆ ಅಗಲ ಎಲೆಯವು. ಇದನ್ನು ಕೇಳಿ ತಮ್ಮ, “ಅಣ್ಣಾ, ಮಕ್ಕಳಿಗೆ ಕಲಿಸೋದನ್ನ ಮನಿಯಾಗೂ ಒಂದೀಟು ಹೇಳಬಾರದೇನು?” ಎಂದ. ಉತ್ತರವಿರಲಿಲ್ಲ. ಮಕ್ಕಳಿಗೂ ನಾನು ಅದನ್ನು ಹೇಳಿರಲಿಲ್ಲ.

ಇನ್ನು, ಸಸ್ಯಗಳಿಗೆ ಓಲೆಕಾರನಿಲ್ಲವೆಂಬ ನನ್ನ ಮಾತು. ಜಗದೀಶಚಂದ್ರ ಬೋಸರು 1901ರಲ್ಲಿಯೇ ಲಂಡನ್ನಿನ ವಿದ್ವಾಂಸರ ಮುಂದೆ ಸಸ್ಯಗಳ ವಿದ್ಯುತ್ ಪ್ರತಿಕ್ರಿಯೆಯನ್ನು ಪ್ರದರ್ಶಿಸಿದ್ದರು. ಮುಟ್ಟಿದರೆ ಮುನಿಯ ಗಿಡವಂತೂ ಎಲ್ಲರ ಕಣ್ಣೆದುರಿಗೇ ಇದೆ. 2018ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೈಮನ್ ಗಿಲ್ರಾಯ್ ಮತ್ತು ಸಂಗಡಿಗರು ಕಂಬಳಿಹುಳ ಒಂದು ಎಲೆಯನ್ನು ಕಡಿದಾಗ ಎಚ್ಚರಿಕೆಯ ಸುದ್ದಿ ಇಡೀ ಗಿಡಕ್ಕೆ ಕೆಲವೇ ನಿಮಿಷಗಳಲ್ಲಿ ಹರಿಯುವುದನ್ನು ಬೆಳಕಾಗಿ ಕಾಣುವಂತೆ ಮಾಡಿದರು. ಕ್ಯಾಲ್ಸಿಯಂ ಅಲೆಯಾಗಿ ಅದು ಸಾಗುತ್ತದೆ, ಅದನ್ನು ಹೊರಡಿಸುವುದು ಗ್ಲುಟಮೇಟ್. ನಮ್ಮ ಮಿದುಳಿನಲ್ಲಿ ನರದಿಂದ ನರಕ್ಕೆ ಸುದ್ದಿ ದಾಟಿಸುವ ಮುಖ್ಯ ವಸ್ತುಗಳಲ್ಲಿ ಒಂದು ಅದೇ ಗ್ಲುಟಮೇಟ್! ಗಿಡಕ್ಕೆ ನಮ್ಮಂತೆ ನೋವಾಗುತ್ತದೆಂದು ಇದರ ಅರ್ಥವಲ್ಲ, ಅದಕ್ಕೆ ಮಿದುಳಿಲ್ಲ. ಆದರೆ ಪ್ರಕೃತಿ ಬಹಳ ಮಿತವ್ಯಯಿ. ಬೆರಳೆಣಿಕೆಯ ಅಣುಗಳನ್ನೇ ಎಲೆ, ಹುಳ, ಎತ್ತು, ಮನುಷ್ಯ ಎಂಬ ಭೇದವಿಲ್ಲದೆ ಸಂದೇಶಕ್ಕೆ ಬಳಸಿಕೊಂಡಿದೆ. ಹುಳಕ್ಕೆಂದೇ ಬರೆದ ಸುಳ್ಳು ಓಲೆಯನ್ನು ನಮ್ಮ ದೇಹವೂ ಓದಿಬಿಡುವುದು ಇದರಿಂದಲೇ.

ಹೀಗೆ ಓದಿಬಿಟ್ಟ ಪ್ರಸಂಗಗಳು ನಮ್ಮ ದೇಶದಲ್ಲಿ ಕಡಿಮೆಯಿಲ್ಲ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಗೋದಿಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ಫಲವಾಗಿಯೇ 1968ರ ಕೀಟನಾಶಕ ಕಾಯಿದೆ ಬಂದಿತು. 2013ರಲ್ಲಿ ಬಿಹಾರದ ಛಾಪ್ರಾ ಬಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಪ್ರಾಣಬಿಟ್ಟರು. ಊಟದಲ್ಲಿದ್ದುದು ಮೊನೊಕ್ರೊಟೋಫಾಸ್. 2018ರ ಡಿಸೆಂಬರ್ 14ರಂದು ನಮ್ಮ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದಕ್ಕೆ ಬೆರೆಸಿದ್ದೂ ಅದೇ, ಸತ್ತವರು 17 ಮಂದಿ. ಕಾಸರಗೋಡಿನದು ಬೇರೆ ವಿಷ, ಆದರೆ ಅದೂ ನರದ್ದೇ. ಅಲ್ಲಿಯ ಗೇರುತೋಟಗಳ ಮೇಲೆ ಎಪ್ಪತ್ತರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್, ‘ಸಾಕು, ನಿಲ್ಲು’ ಎಂದು ನರಕ್ಕೆ ಹೇಳುವ ಸಂದೇಶವನ್ನೇ ತಡೆಯುವಂಥದ್ದು. ಕನ್ನಡ ಮಾತನಾಡುವ ಎಣ್ಮಕಜೆಯ ಮನೆಮನೆಗಳ ಕಥೆಯನ್ನು ನೀವು ಓದಿಯೇ ಇರುತ್ತೀರಿ. ಸರ್ವೋಚ್ಚ ನ್ಯಾಯಾಲಯ ಅದನ್ನು ದೇಶದಾದ್ಯಂತ ತಡೆದದ್ದು 2011ರಲ್ಲಿ.

ನಿಷೇಧಗಳು ಬರುತ್ತವೆ, ತಡವಾಗಿ ಬರುತ್ತವೆ. ಮೊನೊಕ್ರೊಟೋಫಾಸ್‌ನ ಪ್ರಚಲಿತ ದ್ರಾವಣದ ಮೇಲೆ ಕೇಂದ್ರ ಸರ್ಕಾರದ ನಿಷೇಧದ ಆದೇಶ ಹೊರಟದ್ದು 2023ರಲ್ಲಿ, ಛಾಪ್ರಾದ ಮಕ್ಕಳು ಹೋಗಿ ಹತ್ತು ವರ್ಷಗಳಾದ ಮೇಲೆ. ಒಂದು ಹೋದರೆ ಅಂಗಡಿಯ ಕಪಾಟಿಗೆ ಇನ್ನೊಂದು ಹೆಸರು ಬರುತ್ತದೆ. ಆದ್ದರಿಂದ ನನ್ನ ಅಭಿಪ್ರಾಯ ನಿಷೇಧದ ಬಗ್ಗೆ ಅಲ್ಲ, ಪಾಠದ ಬಗ್ಗೆ. ಗ್ರಾಮಾಂತರ ಶಾಲೆಯ ಹತ್ತನೆಯ ತರಗತಿಯಲ್ಲಿ ಈ ಅಧ್ಯಾಯವನ್ನು ಮಾಡುವ ಪ್ರತಿಯೊಬ್ಬ ಶಿಕ್ಷಕನೂ ಒಂದು ಪೂರ್ಣ ಅವಧಿಯನ್ನು ಬಾಟಲಿಯ ಚೀಟಿಗೆ ಕೊಡಬೇಕು. ಬಾಟಲಿಯನ್ನು ತರಗತಿಗೆ ತರುವುದು ಬೇಡ, ಅದರೊಡನೆ ಬರುವ ಮಡಿಚಿದ ಕಾಗದ ಸಾಕು. ಅದರ ಮೇಲೊಂದು ಮೂಲೆಯ ಮೇಲೆ ನಿಂತ ಚೌಕವಿರುತ್ತದೆ. ಕೆಳಗಿನ ಅರ್ಧದ ಬಣ್ಣ ಕೆಂಪಾದರೆ ಅತ್ಯಂತ ವಿಷಕಾರಿ, ನಂತರ ಹಳದಿ, ನೀಲಿ, ಹಸಿರು. ಹಸಿರೆಂದರೆ ನಿರಪಾಯಕಾರಿ ಎಂದಲ್ಲ. ವಿಷ ತಗುಲಿದ ಲಕ್ಷಣಗಳು, ಪ್ರಥಮ ಚಿಕಿತ್ಸೆ, ಪ್ರತ್ಯೌಷಧ ಎಲ್ಲವೂ ಅದರಲ್ಲಿ ಅಚ್ಚಾಗಿರಬೇಕೆಂದು ಕಾನೂನಿದೆ. ಅಚ್ಚಾಗಿಯೂ ಇರುತ್ತದೆ, ಇರುವೆಯ ಕಾಲಿನಷ್ಟು ಗಾತ್ರದ ಅಕ್ಷರಗಳಲ್ಲಿ.

ನಿವೃತ್ತನಾಗುವ ಮುನ್ನ ಒಂದು ಸಭೆಯಲ್ಲಿ ಇದನ್ನು ಹೇಳಿದ್ದೆ. ಪಠ್ಯ ಮುಗಿಯುವುದಿಲ್ಲ ಎಂಬ ಆಕ್ಷೇಪ ಬಂದಿತು. ಅದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಕ್ರೀಡಾಕೂಟಕ್ಕೆ, ಸ್ವಾಗತಗೀತೆಯ ತಾಲೀಮಿಗೆ ಅವಧಿಗಳು ಹೇಗೆ ಹೊಂದಿಕೊಳ್ಳುತ್ತವೆಂದು ಎಲ್ಲ ಮಾಸ್ತರರಿಗೂ ಗೊತ್ತು. ಎರಡನೆಯ ಆಕ್ಷೇಪ ಮಾತ್ರ ತೂಕದ್ದು. ಹಿರಿಯ ಸಹೋದ್ಯೋಗಿಯೊಬ್ಬರು, “ಸಾಲಕ್ಕೆ ಹೆದರಿ ಬಾಟಲಿ ಹಿಡಿಯುವ ಕಾಲದಲ್ಲಿ ಹದಿನೈದರ ಮಕ್ಕಳಿಗೆ ವಿಷದ ಪಾಠವೇ?” ಎಂದರು. ನಾನು ಆ ದಿನ ಸುಮ್ಮನಾದೆ. ಅವರ ಆತಂಕ ಸುಳ್ಳಲ್ಲ. ನನ್ನದೇ ವಿದ್ಯಾರ್ಥಿಗಳಲ್ಲಿ ಹೀಗೆ ಹೋದವರ ಮನೆಯವರು ಈ ಬರಹವನ್ನು ಓದುತ್ತಿರಬಹುದು. ಆದರೂ ವರ್ಷಗಳ ಬಳಿಕ ನನಗೆ ಅನಿಸುವುದು ಇಷ್ಟು: ಬಾಟಲಿ ಆ ಮಗುವಿನ ಮನೆಯಲ್ಲಿ ಈಗಾಗಲೇ ಇದೆ, ಜೋಳದ ಚೀಲದ ಮಗ್ಗುಲಲ್ಲಿ, ಕೆಲವೊಮ್ಮೆ ಅಡಿಗೆ ಎಣ್ಣೆಯ ಪಕ್ಕದಲ್ಲಿಯೇ. ಕೊಲ್ಲುತ್ತದೆಂಬುದು ಎಲ್ಲರಿಗೂ ಗೊತ್ತು. ಉಳಿಸುವುದು ಹೇಗೆಂಬುದು ಯಾರಿಗೂ ಗೊತ್ತಿಲ್ಲ. ನಾನು ಕಲಿಸಬೇಕೆನ್ನುವುದು ಎರಡನೆಯದನ್ನು. ವಿಷವನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಬೇಕೆಂಬುದೂ ಅದೇ ಪಾಠದ ಭಾಗವೇ.

ಸಿಂಪಡಿಸುವವರು ಬಿದ್ದರೆ ಗಾಳಿಯಾಡುವ ಕಡೆಗೆ ಒಯ್ಯಿರಿ. ತೊಯ್ದ ಬಟ್ಟೆಯನ್ನು ಮೊದಲು ಬಿಚ್ಚಿರಿ, ಬಿಚ್ಚುವವರ ಕೈಗೂ ವಿಷ ತಾಗದಿರಲಿ. ಸಾಬೂನು ಹಚ್ಚಿ ಧಾರಾಳ ನೀರಿನಲ್ಲಿ ಮೈ ತೊಳೆಯಿರಿ. ಬಾಯಿಗೆ ಮಜ್ಜಿಗೆ, ಹುಣಸೆನೀರು, ಉಪ್ಪುನೀರು ಏನನ್ನೂ ಹಾಕಬೇಡಿ, ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿರಿ. ಬಾಟಲಿಯ ಚೀಟಿಯನ್ನು ವೈದ್ಯರ ಕೈಗೆ ಕೊಡಿ, ಯಾವ ಎಣ್ಣಿ ಎಂಬುದು ಅವರಿಗೆ ತಕ್ಷಣ ತಿಳಿಯಬೇಕು. ಇದಿಷ್ಟು 1994ರಲ್ಲಿ ಆ ಹುಡುಗನಿಗೆ ಗೊತ್ತಿದ್ದಿದ್ದರೆ ಹೊಲದಲ್ಲಿ ಆ ಎರಡು ತಾಸು ಹೀಗೆ ಕಳೆಯುತ್ತಿರಲಿಲ್ಲ. ಅವನು ಆ ದಿನ ತಂದೆಯೊಡನೆ ನೀರು ಹೊರಲು ಹೊಲದಲ್ಲಿಯೇ ಇದ್ದ.

ಮಲ್ಲಿಗೆಯ ಮಾತನ್ನೂ ಹೇಳಿಬಿಡುತ್ತೇನೆ. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಂದ ತುಂಗಭದ್ರೆಯ ಮೇಲೆ ಹಂಪಿಗೆ ಹೂವು ಹೋಗುತ್ತಿತ್ತು, ಅದರಿಂದಲೇ ಹೂವಿನ ಹಡಗಲಿ ಎಂಬ ಹೆಸರು ಬಂದಿತು ಎಂದು ಪ್ರತೀತಿ. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಈ ಹೂವಿನಲ್ಲಿಯೂ ಗಡಿಯಾರವಿದೆ. ಬೆಳಗಿನ ತಂಪಿನಲ್ಲಿ ಬಿಗಿಯಾದ ಮೊಗ್ಗನ್ನೇ ಬಿಡಿಸುತ್ತಾರೆ, ಗಿಡದಿಂದ ಕಿತ್ತು ಬುಟ್ಟಿಗೆ ಹಾಕಿದರೂ ಅದು ತನ್ನ ಹೊತ್ತು ಮರೆಯದೆ ಸಂಜೆಗೇ ಅರಳುತ್ತದೆ. ಆದರೆ ಮೊಗ್ಗಿಗೂ ಹುಳವುಂಟು, ಹುಳವಿದ್ದಲ್ಲಿ ಎಣ್ಣಿಯೂ ಉಂಟು. ಬಿಡಿಸುವವರು ಹೆಣ್ಣುಮಕ್ಕಳು, ಬರಿಗೈಯಲ್ಲಿ, ಇಬ್ಬನಿಯಿಂದ ತೊಯ್ದ ಗಿಡದಲ್ಲಿ. ಸಿಂಪಡಿಸಿ ಎಷ್ಟು ದಿನವಾಯಿತೆಂದು ಅವರು ಕೇಳುವುದಿಲ್ಲ, ಹೇಳುವವರೂ ಇಲ್ಲ. ಈ ವಿಷ ಚರ್ಮದ ಮೂಲಕವೂ ಒಳಗಿಳಿಯುತ್ತದೆ. ತಲೆನೋವು, ಕಣ್ಣು ಮಂಜು, ಹೊಟ್ಟೆ ತೊಳೆಸುವುದು ಎಂದು ಅವರಲ್ಲಿ ಕೆಲವರು ಹೇಳುವುದನ್ನು ನಾನು ಕೇಳಿದ್ದೇನೆ. ಎಷ್ಟು ಎಣ್ಣಿಯಿಂದ, ಎಷ್ಟು ಉಪವಾಸದ ಕೆಲಸದಿಂದ ಎಂದು ವಿಂಗಡಿಸಲು ನಾನು ವೈದ್ಯನಲ್ಲ. ಸಿಂಪಡಿಸಿದ ಮೇಲೆ ಕಾಯಬೇಕಾದ ದಿನಗಳ ಲೆಕ್ಕವೂ ಆ ಚೀಟಿಯಲ್ಲಿಯೇ ಇರುತ್ತದೆ. ಆ ಮನೆಗಳಲ್ಲಿ ಅದನ್ನು ಓದಬಲ್ಲವರು ಯಾರು? ಹತ್ತನೆಯ ತರಗತಿಯಲ್ಲಿರುವ ಮಗ, ಮಗಳು.

ಆ ಹುಡುಗನನ್ನು, ಈಗ ನಡುವಯಸ್ಸಿನ ಗೃಹಸ್ಥನನ್ನು, ಮೊನ್ನೆ ಹಡಗಲಿಯ ಸಂತೆಯಲ್ಲಿ ಕಂಡೆ. ಕಾಲಿಗೆರಗಿ, ಮಗಳ ಮದುವೆಗೆ ಬರಬೇಕೆಂದ. ತಂದೆ ಕಾಲವಾಗಿ ಎಂಟು ವರ್ಷವಾಯಿತೆಂದೂ, ಅದು ಮುಪ್ಪಿನ ಸಾವೆಂದೂ ಹೇಳಿದ. ತಡೆಯಲಾರದೆ ಆ ದಿನದ ಪ್ರಶ್ನೆಯನ್ನು ಎತ್ತಿದೆ. ಅವನಿಗೆ ನೆನಪೇ ಇರಲಿಲ್ಲ. “ನಾನು ಕೇಳಿದ್ನೇನ್ರಿ ಸರ್? ನಾನು ಕ್ಲಾಸಿನ್ಯಾಗ ಬಾಯಿನ ಬಿಡ್ತಿರಲಿಲ್ಲಲ್ರಿ!” ಎಂದು ನಕ್ಕ. ಅವನ ಕೈಚೀಲದಲ್ಲಿ ಉಳ್ಳಾಗಡ್ಡಿ, ಅದರ ಮೇಲೆ ಒಂದು ಬಾಟಲಿ. ಇಬ್ಬರೂ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಅದರ ಚೀಟಿಯನ್ನು ಬಿಡಿಸಿದೆವು. ನನ್ನ ಕನ್ನಡಕಕ್ಕೂ ಅಕ್ಷರ ದಕ್ಕಲಿಲ್ಲ. ಅವನು ಮೊಬೈಲಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ಹಿಡಿದ, ನಾನು ಗಟ್ಟಿಯಾಗಿ ಓದಿದೆ. ಬಣ್ಣ ಹಳದಿ. ಉಣ್ಣುವ, ಸೇದುವ ಮುನ್ನ ಕೈ ತೊಳೆಯತಕ್ಕದ್ದು ಎಂಬಲ್ಲಿಗೆ ಬಂದಾಗ ಅವನು ಕೈಯಲ್ಲಿದ್ದ ಮಿರ್ಚಿಯನ್ನು ಕೆಳಗಿಟ್ಟ.

ಊರಿನ ಶಾಲೆಯ ಮುಖ್ಯೋಪಾಧ್ಯಾಯರನ್ನು ಒಂದು ಅವಧಿ ಕೇಳಿದ್ದೇನೆ. ಕಿರುಪರೀಕ್ಷೆ ಮುಗಿದ ಮೇಲೆ ಬರಲು ಹೇಳಿದ್ದಾರೆ. ಅಷ್ಟರಲ್ಲಿ ಆ ಚೀಟಿಯನ್ನು ದೊಡ್ಡ ಹಾಳೆಯ ಮೇಲೆ ದಪ್ಪ ಅಕ್ಷರಗಳಲ್ಲಿ ನಕಲು ಮಾಡುತ್ತಿದ್ದೇನೆ. ಪ್ರತ್ಯೌಷಧದ ಸಾಲಿನವರೆಗೆ ಬಂದಿದೆ.